ಕಾಲುವೆ ತಳದ ಮರಳು ಬಿಟ್ಟುಬಿಟ್ಟು ಜಿಗಿಯುವುದೇಕೆ?

ಪ್ರಶ್ನೆ: ನಮ್ಮ ಗದ್ದೆ ಪಕ್ಕ ತುಂಗಭದ್ರಾ ಎಡದಂಡೆ ಕಾಲುವೆಯ ಒಂದು ಮಣ್ಣಿನ ಉಪಕಾಲುವೆ ಹರಿಯುತ್ತದೆ. ಮೊಣಕಾಲುದ್ದ ನೀರು. ತಿಳಿಯಾಗಿದ್ದಾಗ ತಳದ ಮರಳು ಚೆನ್ನಾಗಿ ಕಾಣುತ್ತದೆ. ಸ್ವಲ್ಪ ಹೊತ್ತು ಮರಳು ಅಲ್ಲಾಡುವುದೇ ಇಲ್ಲ. ಆಮೇಲೆ ಊಟದ ತಟ್ಟೆಯಷ್ಟು ಜಾಗದ ಮರಳು ಒಮ್ಮೆಲೇ ಎದ್ದು, ಮುಂದೆ ಹೋಗಿ ನಿಂತುಬಿಡುತ್ತದೆ. ಮೇಲೆ ನೋಡಿದರೆ ನೀರು ಒಂದೇ ಸಮನೆ ಹರಿಯುತ್ತಿರುತ್ತದೆ. ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವ ಮಗಳು ಲೆಕ್ಕ ಹಾಕಿ, ಇಷ್ಟು ನೀರಿಗೆ ಈ ಮರಳು ಕದಲಲೇಬಾರದು ಎನ್ನುತ್ತಾಳೆ. ಹಾಗಾದರೆ ಕದಲಿಸುತ್ತಿರುವುದು ಏನು? ಇನ್ನೊಂದು ವಿಷಯ. ಪ್ರತಿ ವರ್ಷ ಹೂಳು ತೆಗೆಸುತ್ತೇವೆ, ಮತ್ತೆ ತುಂಬುತ್ತದೆ. ಈ ಸಲ ಇನ್ನೂ ಅರ್ಧ ಮೊಳ ಆಳಕ್ಕೆ ತೆಗೆಸಿದರೆ ಸರಿಹೋಗುತ್ತದೆಯೇ?

ಉತ್ತರ: ಮೊದಲು ನಿಮ್ಮ ಮಗಳಿಗೆ ಹೇಳಿ, ಅವರ ಲೆಕ್ಕ ಸರಿಯಾಗಿದೆ. ನೀವು ಕಣ್ಣಾರೆ ಕಂಡದ್ದೂ ಸರಿಯಾಗಿದೆ. ಎರಡೂ ಸರಿ ಹೇಗೆ ಅನ್ನುವುದೇ ಈ ವಿಷಯದ ಜೀವಾಳ. ನನ್ನ ಕೆಲಸದ ಬದುಕಿನ ಬಹುಪಾಲು ಇದೊಂದೇ ಪ್ರಶ್ನೆಯ ಸುತ್ತ ಕಳೆದಿದೆ, ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಅವರು ಹಾಕಿರುವ ಲೆಕ್ಕ ಹೆಚ್ಚುಕಡಿಮೆ ಹೀಗಿರಬೇಕು. ನೀರಿನ ಆಳ 40 ಸೆಂಟಿಮೀಟರ್. ಕಾಲುವೆಯ ಇಳಿಜಾರು 5000 ಮೀಟರಿಗೆ 1 ಮೀಟರ್ ಎಂದುಕೊಳ್ಳೋಣ, ಆ ಕಡೆಯ ಸಣ್ಣ ಕಾಲುವೆಗಳಿಗೆ ಅದು ಒಪ್ಪುವ ಅಂಕಿ. ಇಳಿಜಾರಿನಲ್ಲಿ ನೀರಿನ ತೂಕವೇ ತಳವನ್ನು ಮುಂದಕ್ಕೆ ಎಳೆಯುತ್ತದೆ. ಆ ಎಳೆತ ಒಂದು ಚದರ ಮೀಟರ್ ತಳದ ಮೇಲೆ ಸುಮಾರು 80 ಗ್ರಾಂ ತೂಕದಷ್ಟು ಬರುತ್ತದೆ. ಅಷ್ಟೇ! ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚಾಪೆಯನ್ನು ಒಂದೂವರೆ ಮೊಟ್ಟೆಯ ತೂಕದಷ್ಟು ಬಲದಿಂದ ಎಳೆದ ಹಾಗೆ. ನಿಮ್ಮ ಕಾಲುವೆಯ ಮರಳು ರಾಗಿ ಕಾಳಿನಷ್ಟು ದಪ್ಪ ಇದ್ದರೆ, ಅಂದರೆ ಒಂದೂವರೆ ಮಿಲಿಮೀಟರ್, ಅದು ಕದಲಲು ಚದರ ಮೀಟರಿಗೆ ಸುಮಾರು 90 ಗ್ರಾಂ ಎಳೆತ ಬೇಕು. ಬೇಕಾದದ್ದು 90, ಇರುವುದು 80. ಆದ್ದರಿಂದ ಕದಲಬಾರದು.

ಆದರೆ ಆ 80 ಇದೆಯಲ್ಲ, ಅದು ಸರಾಸರಿ. ನೀರು ಮರಳಿನ ಮೇಲೆ ಸರಾಸರಿಯಾಗಿ ಹರಿಯುವುದಿಲ್ಲ.

ನಿಮ್ಮ ಗದ್ದೆಯನ್ನೇ ನೋಡಿ. ಭತ್ತ ತೆನೆ ಬಿಟ್ಟಾಗ ಗಾಳಿ ಬೀಸಿದರೆ ಇಡೀ ಗದ್ದೆ ಒಟ್ಟಿಗೆ ಬಾಗುವುದಿಲ್ಲ. ಇಲ್ಲೊಂದು ತೇಪೆ ಬಾಗುತ್ತದೆ, ಅದು ಓಡುತ್ತಾ ಹೋಗಿ ಅಲ್ಲೆಲ್ಲೋ ಕಳೆದುಹೋಗುತ್ತದೆ, ಅಷ್ಟರಲ್ಲಿ ಇನ್ನೊಂದು ಕಡೆ ಮತ್ತೊಂದು. ಹವಾಮಾನದವರು ಗಂಟೆಗೆ ಹತ್ತು ಕಿಲೋಮೀಟರ್ ಗಾಳಿ ಎಂದು ಒಂದು ಅಂಕಿ ಕೊಡಬಹುದು, ಆದರೆ ತೆನೆಗೆ ತಗಲುವುದು ಆ ಅಂಕಿಯಲ್ಲ, ಆ ಗಳಿಗೆಯ ಬೀಸು. ಕಣದಲ್ಲಿ ರಾಶಿ ತೂರುವವರಿಗೆ ಇದು ಚೆನ್ನಾಗಿ ಗೊತ್ತು. ಮೊರ ಎತ್ತಿ ಹಿಡಿದು ಬೀಸಿಗೆ ಕಾಯುತ್ತಾರೆ, ಬೀಸು ಬಂದಾಗ ಸುರಿಯುತ್ತಾರೆ. ಕಾಲುವೆಯ ತಳದಲ್ಲಿ ನೀವು ಕಂಡ ತಟ್ಟೆಯಷ್ಟಗಲದ ಜಿಗಿತ ಭತ್ತದ ಮೇಲಿನ ಆ ತೇಪೆಯೇ. ಗಾಳಿಯ ಬದಲು ನೀರು, ತೆನೆಯ ಬದಲು ಮರಳು.

ನೀರೊಳಗಿನ ಈ ಗೊಂದಲಕ್ಕೆ ಎಂಜಿನಿಯರಿಂಗಿನಲ್ಲಿ ಟರ್ಬುಲೆನ್ಸ್ ಎನ್ನುತ್ತಾರೆ. ಕನ್ನಡದಲ್ಲಿ ನನಗೆ ತಳಮಳ ಅನ್ನುವ ಪದವೇ ಇಷ್ಟ. 1883ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯಲ್ಲಿ ಹರಿಯುವ ನೀರಿಗೆ ಬಣ್ಣದ ಎಳೆಯೊಂದನ್ನು ಬಿಟ್ಟು ನೋಡಿದ. ನೀರು ನಿಧಾನವಾಗಿದ್ದಾಗ ಎಳೆ ದಾರದ ಹಾಗೆ ನೆಟ್ಟಗೆ ಹೋಯಿತು. ಒಂದು ವೇಗ ದಾಟಿದ ಕೂಡಲೇ ಎಳೆ ನಡುಗಿ, ಒಡೆದು, ಇಡೀ ಕೊಳವೆಗೆ ಹರಡಿತು. ವೇಗ, ಆಳ ಮತ್ತು ನೀರಿನ ಜಿಗುಟು ಸೇರಿಸಿ ಒಂದು ಸಂಖ್ಯೆ ಮಾಡಿದರೆ ಯಾವ ಹರಿವು ಶಾಂತ, ಯಾವುದು ಗೊಂದಲದ್ದು ಎಂದು ಹೇಳಬಹುದು. ಅದಕ್ಕೆ ಈಗ ರೆನಾಲ್ಡ್ಸ್ ಸಂಖ್ಯೆ ಎಂದೇ ಹೆಸರು. ತೆರೆದ ಕಾಲುವೆಯಲ್ಲಿ ಅದು ಕೆಲವು ಸಾವಿರ ದಾಟಿದರೆ ತಳಮಳ ಖಚಿತ. ನಿಮ್ಮ ಕಾಲುವೆಯಲ್ಲಿ ನೀರು ಸೆಕೆಂಡಿಗೆ 30 ಸೆಂಟಿಮೀಟರ್ ಹರಿಯುತ್ತಿದ್ದರೆ ಆ ಸಂಖ್ಯೆ ಸುಮಾರು 1,20,000. ಅಂದರೆ ಮೇಲೆ ಎಷ್ಟೇ ನಯವಾಗಿ ಕಂಡರೂ ಒಳಗೆ ಅದು ಶಾಂತ ನೀರಲ್ಲ. ಹೊಳೆ, ಹಳ್ಳ, ನಾಲೆ ಯಾವುದೂ ಶಾಂತವಲ್ಲ. ಮೇಲ್ಮೈ ನೋಡಿ ಮೋಸಹೋಗುತ್ತೇವೆ ಅಷ್ಟೇ.

ತಳದ ಹತ್ತಿರ ಏನು ನಡೆಯುತ್ತದೆ ಅನ್ನುವುದು ತುಂಬಾ ಚೆಂದದ ಕಥೆ. ತಳಕ್ಕೆ ತಾಗಿದ ನೀರು ತಳಕ್ಕೆ ಅಂಟಿಕೊಂಡಿರುತ್ತದೆ, ಅದರ ವೇಗ ಸೊನ್ನೆ. ಸ್ವಲ್ಪ ಮೇಲೆ ಹೋದರೆ ವೇಗ ಬೇಗ ಬೇಗ ಏರುತ್ತದೆ. ನಿಮ್ಮ ಕಾಲುವೆಯಂಥದರಲ್ಲಿ ತಳಕ್ಕೆ ತಾಗಿದ, ಅರ್ಧ ಮಿಲಿಮೀಟರಿಗೂ ತೆಳುವಾದ ಒಂದು ಜಿಗುಟು ಪದರ ಇರುತ್ತದೆ. ಮೆಕ್ಕಲಿನ ನುಣ್ಣನೆ ಕಣ ಅದರೊಳಗೆ ಹೊದ್ದು ಮಲಗಿದ ಹಾಗೆ ಅಡಗಿಕೊಳ್ಳಬಹುದು. ರಾಗಿ ಗಾತ್ರದ ಮರಳಿಗೆ ಆ ಹೊದಿಕೆ ಸಾಲದು, ತಲೆ ಹೊರಗೆ ಚಾಚಿಕೊಂಡಿರುತ್ತದೆ. ಮೇಲಿನಿಂದ ಬರುವ ಏಟು ನೇರ ಅದರ ತಲೆಗೇ ಬೀಳುತ್ತದೆ.

ಏಟು ಎಲ್ಲಿಂದ ಬರುತ್ತದೆ? 1967ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಸ್ಟೀಫನ್ ಕ್ಲೈನ್ ಮತ್ತು ಜೊತೆಯವರು ನೀರಿನೊಳಗೆ ತೆಳು ತಂತಿ ಇಟ್ಟು, ಹೈಡ್ರೋಜನ್ನಿನ ಸಣ್ಣ ಗುಳ್ಳೆಗಳ ಸಾಲು ಬಿಟ್ಟು, ತಳದ ಹತ್ತಿರದ ಹರಿವನ್ನು ಕಣ್ಣಿಗೆ ಕಾಣುವಂತೆ ಮಾಡಿದರು. ಅಲ್ಲಿಯವರೆಗೆ ತಳಮಳ ಅಂದರೆ ದಿಕ್ಕುದೆಸೆಯಿಲ್ಲದ ಕದಡು ಎಂದೇ ಹೆಚ್ಚಿನವರು ತಿಳಿದಿದ್ದರು. ಗುಳ್ಳೆಗಳು ಬೇರೆಯದನ್ನೇ ತೋರಿಸಿದವು. ತಳದಲ್ಲಿ ನಿಧಾನದ ನೀರು ಉದ್ದುದ್ದ ಪಟ್ಟೆಗಳಾಗಿ ಕೂಡುತ್ತದೆ. ಒಂದು ಪಟ್ಟೆ ಸ್ವಲ್ಪ ಹೊತ್ತು ಹಾಗೇ ಹರಿದು, ಮೆಲ್ಲಗೆ ಮೇಲೇಳುತ್ತದೆ, ತೂಗಾಡುತ್ತದೆ, ಇದ್ದಕ್ಕಿದ್ದಂತೆ ಒಡೆದು ಮೇಲಕ್ಕೆ ಚಿಮ್ಮುತ್ತದೆ. ಚಿಮ್ಮಿದ ನೀರು ಖಾಲಿ ಬಿಟ್ಟ ಜಾಗಕ್ಕೆ ಮೇಲಿನ ವೇಗದ ನೀರು ಓರೆಯಾಗಿ ಇಳಿದು ತಳವನ್ನು ಗುಡಿಸಿಕೊಂಡು ಹೋಗುತ್ತದೆ. ನಾನು ಮೊದಲನೆಯದನ್ನು ಚಿಮ್ಮು, ಎರಡನೆಯದನ್ನು ಬೀಸು ಎಂದು ಕರೆಯುತ್ತೇನೆ. ನದಿಗಳಂಥ ಒರಟು ತಳದಲ್ಲಿ ಪಟ್ಟೆಗಳು ಅಷ್ಟು ಅಚ್ಚುಕಟ್ಟಾಗಿ ಇರುವುದಿಲ್ಲ, ಆದರೆ ಚಿಮ್ಮು ಮತ್ತು ಬೀಸು ಅಲ್ಲೂ ಇವೆ. ನಿಮ್ಮ ಕಾಲುವೆಯ ಆಳ ಮತ್ತು ವೇಗಕ್ಕೆ ದೊಡ್ಡ ಬೀಸುಗಳು ಐದಾರು ಸೆಕೆಂಡಿಗೊಮ್ಮೆಯಂತೆ ಬರಬೇಕು. ಮುಂದಿನ ಸಲ ನಿಂತು ನೋಡುವಾಗ ಮನಸ್ಸಿನಲ್ಲೇ ಎಣಿಸಿ. ಗಡಿಯಾರದ ಹಾಗೆ ಬರುವುದಿಲ್ಲ, ಎರಡಕ್ಕೂ ಬರಬಹುದು, ಹನ್ನೆರಡಕ್ಕೂ ಬರಬಹುದು, ಆದರೆ ಸುಮಾರಾಗಿ ಆ ಆಸುಪಾಸಿನಲ್ಲೇ ಇರುತ್ತದೆ.

ಈಗ 80 ಗ್ರಾಮಿನ ಲೆಕ್ಕಕ್ಕೆ ಮರಳಿ ಬರೋಣ. ನೀರು ಕಣವನ್ನು ತಳ್ಳುವ ಬಲ ವೇಗದ ವರ್ಗದಷ್ಟು ಏರುತ್ತದೆ. ವೇಗ ಒಂದು ಗಳಿಗೆ 40 ಪ್ರತಿಶತ ಜಾಸ್ತಿ ಆದರೆ ತಳ್ಳುವ ಬಲ ಹೆಚ್ಚುಕಡಿಮೆ ಎರಡು ಪಟ್ಟು ಆಗುತ್ತದೆ. ತಳದ ಹತ್ತಿರ 40 ಪ್ರತಿಶತದ ಏರಿಳಿತ ಏನೂ ಅಪರೂಪವಲ್ಲ. ಹಾಗಾಗಿ ಬೀಸು ಬಂದ ಆ ಅರ್ಧ ಸೆಕೆಂಡು, ಆ ತಟ್ಟೆಯಷ್ಟು ಜಾಗದಲ್ಲಿ ಮಾತ್ರ, 80 ಗ್ರಾಂ ಅನ್ನುವುದು 160 ಆಗಿರುತ್ತದೆ. ಬೇಕಾದದ್ದು 90. ಮರಳು ಎದ್ದಿತು. ಬೀಸು ದಾಟಿತು, ಎಳೆತ 50ಕ್ಕೋ 60ಕ್ಕೋ ಇಳಿಯಿತು. ಮರಳು ಕೂತಿತು.

ಲ್ಯಾಬಿನಲ್ಲಿ ನಾವು ಗಾಜಿನ ಗೋಡೆಯ ಉದ್ದ ತೊಟ್ಟಿಯಲ್ಲಿ ನೀರು ಹರಿಸಿ ಇದನ್ನು ನೋಡುತ್ತೇವೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದಿಷ್ಟು ಕಣಗಳಿಗೆ ಕೆಂಪು ಬಣ್ಣ ಹಚ್ಚಿ, ತಳದ ಮಟ್ಟಕ್ಕೆ ಕಣ್ಣಿಟ್ಟು, ಒಂದೇ ಒಂದು ಕೆಂಪು ಕಣವನ್ನು ಮಧ್ಯಾಹ್ನವಿಡೀ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮೂರು ಕಣಗಳ ನಡುವಿನ ಗುಳಿಯಲ್ಲಿ ಅದು ಕೂತಿತ್ತು. ಸುತ್ತಲ ಕಣಗಳು ಹೋದವು, ಬಂದವು. ಇದು ಮಾತ್ರ ಕೂತಲ್ಲೇ ನಡುಗುತ್ತಿತ್ತು. ಅರ್ಧ ಎದ್ದು ಮುಂದಿನ ಕಣದ ಹೆಗಲಿಗೆ ಒರಗುತ್ತಿತ್ತು, ಮತ್ತೆ ಗುಳಿಗೇ ಜಾರುತ್ತಿತ್ತು. ಹೀಗೆ ಹತ್ತಾರು ಸಲ. ಒಮ್ಮೆ ಮಾತ್ರ, ಹೊರನೋಟಕ್ಕೆ ಹಿಂದಿನದಕ್ಕಿಂತ ಜೋರಾಗೇನೂ ಇಲ್ಲದ ಒಂದು ಬೀಸಿಗೆ, ಹೆಗಲು ದಾಟಿ ಉರುಳಿಯೇ ಬಿಟ್ಟಿತು. ಒಮ್ಮೆ ಉರುಳಿದ ಮೇಲೆ ನಿಲ್ಲಲೇ ಇಲ್ಲ, ಕುಪ್ಪಳಿಸುತ್ತಾ ಗಾಜಿನ ಆಚೆ ಕಣ್ಮರೆಯಾಯಿತು.

ಹಿಂದಿನ ಜೋರು ಬೀಸುಗಳಿಗೆ ಏಳದ ಕಣ ಆ ಬೀಸಿಗೆ ಯಾಕೆ ಎದ್ದಿತು ಎಂದು ಬಹಳ ದಿನ ಕಾಡಿತ್ತು. ಇದಕ್ಕೆ ಒಳ್ಳೆಯ ಉತ್ತರ 2008ರಲ್ಲಿ ಬಂತು. ವರ್ಜೀನಿಯಾ ಟೆಕ್‌ನ ಪನಾಯೋಟಿಸ್ ಡಿಪ್ಲಾಸ್ ಮತ್ತು ಸಂಗಡಿಗರು ಬಲ ಎಷ್ಟು ಅನ್ನುವುದರ ಜೊತೆಗೆ ಅದು ಎಷ್ಟು ಹೊತ್ತು ಇತ್ತು ಅನ್ನುವುದೂ ಅಷ್ಟೇ ಮುಖ್ಯ ಎಂದು ತೋರಿಸಿದರು. ಉಕ್ಕಿನ ಗುಂಡನ್ನು ವಿದ್ಯುತ್ ಅಯಸ್ಕಾಂತದಿಂದ ಸೆಳೆದು ನೋಡಿದರು. ದೊಡ್ಡ ಬಲ ಚಿಟಿಕೆ ಹೊಡೆಯುವಷ್ಟು ಹೊತ್ತು ಇದ್ದರೆ ಗುಂಡು ನಡುಗಿ ಸುಮ್ಮನಾಗುತ್ತದೆ. ಅದಕ್ಕಿಂತ ಸಣ್ಣ ಬಲ ಸ್ವಲ್ಪ ಹೆಚ್ಚು ಹೊತ್ತು ಇದ್ದರೆ ಗುಳಿ ದಾಟಿ ಹೋಗುತ್ತದೆ. ಕೆಸರಲ್ಲಿ ಹೂತ ಗಾಡಿ ಚಕ್ರ ತಳ್ಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೋರಾಗಿ ಒಂದು ಗುದ್ದು ಕೊಟ್ಟರೆ ಚಕ್ರ ಅಲ್ಲಾಡಿ ಹಿಂದಕ್ಕೆ ಬರುತ್ತದೆ. ದಿಬ್ಬ ದಾಟುವವರೆಗೂ ಬಿಡದೆ ಹೆಗಲು ಕೊಟ್ಟಾಗಲೇ ಗಾಡಿ ಮೇಲೆ ಬರುವುದು.

ನಿಮ್ಮ ಮಗಳು ಬಳಸಿರುವ 90 ಗ್ರಾಮಿನ ಗಡಿ ಎಲ್ಲಿಂದ ಬಂತು ಅನ್ನುವುದನ್ನೂ ಹೇಳಬೇಕು, ಏಕೆಂದರೆ ಪಠ್ಯದಲ್ಲಿ ಅದನ್ನು ಗೆರೆ ಎಳೆದ ಹಾಗೆ ತೋರಿಸುತ್ತಾರೆ. ಬರ್ಲಿನ್ನಿನ ಪ್ರಯೋಗಾಲಯದಲ್ಲಿ ಓದುತ್ತಿದ್ದ ಆಲ್ಬರ್ಟ್ ಶೀಲ್ಡ್ಸ್ ಎಂಬ ಅಮೆರಿಕದ ಹುಡುಗ 1936ರಲ್ಲಿ ತನ್ನ ಸಂಶೋಧನೆ ಪ್ರಕಟಿಸಿದ. ಕಣದ ಗಾತ್ರಕ್ಕೆ ತಕ್ಕಂತೆ ಎಷ್ಟು ಎಳೆತಕ್ಕೆ ಅದು ಕದಲುತ್ತದೆ ಅನ್ನುವುದನ್ನು ಒಂದೇ ರೇಖೆಯಲ್ಲಿ ಹಿಡಿದಿಟ್ಟ. ಪ್ರಪಂಚದ ಎಲ್ಲ ಜಲ ಎಂಜಿನಿಯರುಗಳು ಇಂದಿಗೂ ಅದರಿಂದಲೇ ಶುರು ಮಾಡುತ್ತಾರೆ. ಆತ ಊರಿಗೆ ಮರಳಿದ ಮೇಲೆ ರಟ್ಟಿನ ಪೆಟ್ಟಿಗೆ ತಯಾರಿಸುವ ಯಂತ್ರಗಳ ಕೆಲಸಕ್ಕೆ ಸೇರಿದ, ನದಿಗಳ ಕಡೆ ಬರಲೇ ಇಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಬೇಸರವಾಗುತ್ತದೆ. ಇರಲಿ. ಅವನ ರೇಖೆ ನಿಜ, ಆದರೆ ಅದು ಬೇಲಿಯಲ್ಲ. ರೇಖೆಯ ಕೆಳಗೆ ಎಲ್ಲವೂ ನಿಂತಿರುತ್ತದೆ, ಮೇಲೆ ಎಲ್ಲವೂ ಓಡುತ್ತದೆ ಎಂದಲ್ಲ. ಅದಕ್ಕೂ ಒಂದು ವರ್ಷ ಮುಂಚೆ ಹ್ಯಾನ್ಸ್ ಕ್ರಾಮರ್ ಎಂಬ ಎಂಜಿನಿಯರ್, ಮರಳಿನ ಓಡಾಟವನ್ನು ಅಲ್ಲೊಂದು ಇಲ್ಲೊಂದು ಕಣ ಕದಲುವುದು, ಎಣಿಸಲಾಗದಷ್ಟು ಕದಲುವುದು, ಇಡೀ ತಳವೇ ಹರಿಯುವುದು ಎಂದು ವಿಂಗಡಿಸಿದ್ದ. ಅಂದರೆ ಕದಲಲು ಶುರುವಾಯಿತು ಎಂದು ಯಾವಾಗ ಹೇಳಬೇಕು ಅನ್ನುವುದನ್ನು ನೋಡುವವರೇ ತೀರ್ಮಾನಿಸಬೇಕು. ನಿಮ್ಮ ಕಾಲುವೆ ಈ ಅಲ್ಲೊಂದು ಇಲ್ಲೊಂದು ಹಂತದಲ್ಲಿದೆ.

ಈ ಅದೃಷ್ಟದಾಟವನ್ನು ಲೆಕ್ಕಕ್ಕೆ ತಂದವನ ಹೆಸರು ಕೇಳಿದರೆ ಮಗಳು ಕಣ್ಣರಳಿಸಬಹುದು: ಹ್ಯಾನ್ಸ್ ಆಲ್ಬರ್ಟ್ ಐನ್‌ಸ್ಟೈನ್, ಆ ಐನ್‌ಸ್ಟೈನರ ಮಗ. ಜೂರಿಕ್‌ನಲ್ಲಿ ಓದಿ, ಆಮೇಲೆ ಅಮೆರಿಕದ ಬರ್ಕ್‌ಲಿಯಲ್ಲಿ ಕಲಿಸುತ್ತಾ ಬದುಕನ್ನೆಲ್ಲ ನದಿಯ ಮರಳಿಗೇ ಕೊಟ್ಟವರು. ಕಣ ಬಹಳ ಹೊತ್ತು ಸುಮ್ಮನೆ ಕೂತಿರುತ್ತದೆ, ಯಾವುದೋ ಗಳಿಗೆಯಲ್ಲಿ ಏಳುತ್ತದೆ, ಒಂದು ಹೆಜ್ಜೆ ಹೋಗಿ ಕೂರುತ್ತದೆ, ಮುಂದಿನ ಹೆಜ್ಜೆ ಯಾವಾಗ ಎಂದು ಹೇಳಲಾಗದು, ಆದರೆ ಅದರ ಸಂಭವ ಎಷ್ಟು ಎಂದು ಹೇಳಬಹುದು ಎಂಬುದು ಅವರ ದಾರಿ. ಒಂದು ಹೆಜ್ಜೆಗೆ ಕಣದ ಗಾತ್ರದ ಸುಮಾರು ನೂರು ಪಟ್ಟು ದೂರ ಎಂದು ಅವರು ಇಟ್ಟುಕೊಂಡಿದ್ದರು. ರಾಗಿ ಗಾತ್ರದ ಮರಳಿಗೆ ಅದು 15 ಸೆಂಟಿಮೀಟರ್, ಒಂದು ಗೇಣಿಗೆ ಸ್ವಲ್ಪ ಕಡಿಮೆ. ನೀವು ನೋಡಿದ ಜಿಗಿತ ಎಷ್ಟು ದೂರದ್ದು ಎಂದು ಒಮ್ಮೆ ಅಳೆದು ತಿಳಿಸಿ.

ನಿಮ್ಮ ಪತ್ರದಲ್ಲಿ ಇಲ್ಲದ, ಆದರೆ ನೀವು ಖಂಡಿತ ಗಮನಿಸಿರುವ ಇನ್ನೊಂದು ಸಂಗತಿ ಇದೆ. ಕಾಲುವೆಯಲ್ಲಿ ಕದಲದೆ ನಿಂತರೆ ಸ್ವಲ್ಪ ಹೊತ್ತಿಗೆ ಕಾಲಡಿಯ ಮರಳು ಜಾರಿ ಪಾದ ಕೆಳಗಿಳಿಯುತ್ತದೆ, ಅಲ್ವಾ? ನಿಮ್ಮ ಕಾಲು ಅಲ್ಲಿ ಒಂದು ಸೇತುವೆ ಕಂಬ. ಎದುರಿನಿಂದ ಬಂದ ನೀರು ಕಣಕಾಲಿಗೆ ಬಡಿದು ಕೆಳಕ್ಕೆ ಇಳಿಯುತ್ತದೆ, ತಳ ಮುಟ್ಟಿ ಸುರುಳಿಯಾಗುತ್ತದೆ, ಆ ಸುರುಳಿ ಕಾಲಿನ ಎರಡೂ ಬದಿಗೆ ಕುದುರೆ ಲಾಳದ ಹಾಗೆ ಸುತ್ತಿಕೊಂಡು ಹಿಂದಕ್ಕೆ ಹೋಗುತ್ತದೆ. ಸುತ್ತಲಿನ ತಳದಲ್ಲಿ ಒಂದು ಕಣವೂ ಕದಲದಿದ್ದರೂ ಈ ಲಾಳದ ಕೆಳಗೆ ಎಳೆತ ಹಲವು ಪಟ್ಟು ಇರುತ್ತದೆ. ಮಳೆಗಾಲದ ಹೊಳೆಯಲ್ಲಿ ಸೇತುವೆ ಕಂಬಗಳ ಬುಡದಲ್ಲಿ ನಡೆಯುವುದೂ ಇದೇ. ಅಲ್ಲಿನ ಗುಂಡಿ ಕಂಬದ ಅಗಲದ ಒಂದೂವರೆಯಿಂದ ಎರಡು ಪಟ್ಟಿಗೂ ಮೀರಿ ಆಳವಾಗಬಹುದು. ನನ್ನನ್ನು ನಿಜಕ್ಕೂ ಕಳವಳಕ್ಕೆ ತಳ್ಳುವ ವಿಷಯ ಏನೆಂದರೆ, ನೆರೆ ಇಳಿಯುವಾಗ ಆ ಗುಂಡಿಗೆ ಮರಳು ಮತ್ತೆ ತುಂಬಿಕೊಳ್ಳುತ್ತದೆ. ಬೇಸಿಗೆಯಲ್ಲಿ ಹೋಗಿ ನೋಡಿದರೆ ಎಲ್ಲ ಸಮತಟ್ಟು. ಕಂಬ ಗಟ್ಟಿಯಾಗಿದೆ ಎಂದು ಬರೆದುಕೊಂಡು ಬರುತ್ತೇವೆ. ಆ ಮರಳು ಮುಂದಿನ ನೆರೆಯ ಮೊದಲ ದಿನವೇ ಎದ್ದುಹೋಗುವ ಸಡಿಲ ಮರಳು.

ಎಳೆತ ಇನ್ನೂ ಜಾಸ್ತಿಯಾದಾಗ ತಳ ಚಪ್ಪಟೆಯಾಗಿ ಉಳಿಯುವುದಿಲ್ಲ. ಅರ್ಧ ಮಿಲಿಮೀಟರಿಗಿಂತ ಸಣ್ಣ ಮರಳಾದರೆ ಬೆರಳಗಲ ಎತ್ತರದ ಸುಕ್ಕುಗಳು ಏಳುತ್ತವೆ. ದೊಡ್ಡ ಹೊಳೆಯಲ್ಲಿ ನೀರಿನ ಆಳಕ್ಕೆ ತಕ್ಕ ದಿಣ್ಣೆಗಳೇ ಏಳುತ್ತವೆ, ಆಳದ ಐದಾರು ಪಟ್ಟು ಉದ್ದದವು. ದಿಣ್ಣೆಯ ಹಿಂಬದಿಯಲ್ಲಿ ನೀರು ತಳ ಬಿಟ್ಟು ಸುಳಿ ಕಟ್ಟುತ್ತದೆ, ಆ ಸುಳಿ ಆಗಾಗ ಕಳಚಿ ಮೇಲಕ್ಕೆ ಏರುತ್ತದೆ. ಆಗಸ್ಟ್ ತಿಂಗಳಲ್ಲಿ ತುಂಗಭದ್ರೆಯ ಯಾವುದಾದರೂ ಸೇತುವೆ ಮೇಲೆ ನಿಂತು ಕೆಳಗೆ ನೋಡಿದರೆ, ಅನ್ನ ಕುದಿಯುವಾಗ ಗಂಜಿ ಉಕ್ಕಿದ ಹಾಗೆ ನೀರು ಅಲ್ಲಲ್ಲಿ ದುಂಡಗೆ ಉಬ್ಬಿ ಹರಡುವುದು ಕಾಣುತ್ತದೆ. ಉಬ್ಬಿದ ಕಡೆ ಬಣ್ಣ ಸುತ್ತಲಿಗಿಂತ ಗಾಢ. ಅದು ತಳದಿಂದ ಆ ಗಳಿಗೆಯಷ್ಟೇ ಎದ್ದು ಬಂದ ಮರಳು ಮಿಶ್ರಿತ ನೀರು. ಚಿಮ್ಮು ಬರಿಗಣ್ಣಿಗೆ ಕಾಣುವುದು ಅಲ್ಲಿ. ಸೇತುವೆ ಮೇಲಿನಿಂದಲೇ ನೋಡಿ, ದಯವಿಟ್ಟು ಆಗ ನೀರಿಗೆ ಇಳಿಯಬೇಡಿ.

ಇಲ್ಲಿಂದ ನಿಮ್ಮ ಎರಡನೇ ಪ್ರಶ್ನೆಗೆ, ಹೂಳಿಗೆ ಬರುತ್ತೇನೆ. ಹೂಳು ಅಂದಾಗ ಎರಡು ಬೇರೆ ಬೇರೆ ಪದಾರ್ಥವನ್ನು ನಾವು ಒಂದೇ ಹೆಸರಿನಿಂದ ಕರೆಯುತ್ತೇವೆ. ಒಂದು, ಈವರೆಗೆ ಮಾತಾಡಿದ ಉರುಳುವ, ಕುಪ್ಪಳಿಸುವ ಮರಳು. ಇನ್ನೊಂದು, ನೀರಿಗೆ ಬಣ್ಣ ಕೊಡುವ ನುಣ್ಣನೆ ಮೆಕ್ಕಲು. ಮೆಕ್ಕಲಿನ ಒಂದು ಕಣ 0.02 ಮಿಲಿಮೀಟರ್ ಇದೆ ಅನ್ನಿ. ನಿಂತ ನೀರಿನಲ್ಲಿ ಅದು ಸೆಕೆಂಡಿಗೆ ಮಿಲಿಮೀಟರಿನ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಇಳಿಯುತ್ತದೆ. 40 ಸೆಂಟಿಮೀಟರ್ ಇಳಿಯಲು 18 ನಿಮಿಷ ಬೇಕು. ಅಷ್ಟರಲ್ಲಿ ನಿಮ್ಮ ಕಾಲುವೆ ನೀರು 300 ಮೀಟರಿಗಿಂತ ಸ್ವಲ್ಪ ಮುಂದೆ ಹೋಗಿರುತ್ತದೆ. ಹಾಗಾದರೆ ಕಾಲುವೆಯ ಬಾಯಿಂದ 300 ಮೀಟರಿನೊಳಗೆ ಎಲ್ಲ ಕೆಂಪು ಕುಸಿದು ಮುಂದಕ್ಕೆ ತಿಳಿನೀರು ಹೋಗಬೇಕಿತ್ತು. ಹೋಗುತ್ತದೆಯೇ? ಹತ್ತಾರು ಕಿಲೋಮೀಟರ್ ಆಚೆಯ ಕೊನೆಯ ಹೊಲಕ್ಕೂ ಕೆಂಪು ನೀರೇ ಬರುತ್ತದೆ.

ಅದನ್ನು ಎತ್ತಿ ಹಿಡಿದಿರುವುದೂ ಅದೇ ತಳಮಳ. ಮೇಲೆ ಹೋಗುವ ನೀರು ಎಷ್ಟೋ ಕೆಳಗೆ ಬರುವ ನೀರೂ ಅಷ್ಟೇ ಇರುವಾಗ ಕಣ ಮಾತ್ರ ಮೇಲೇಕೆ ಉಳಿಯಬೇಕು ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ ಅದು. ಬಾವಿಗೆ ಎರಡು ಬಿಂದಿಗೆ ಕಟ್ಟಿದ ಹಗ್ಗ ನೆನಪಿಸಿಕೊಳ್ಳಿ, ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ತಳದಿಂದ ಏರುವ ಬಿಂದಿಗೆಯಲ್ಲಿ ಕೆಸರು ಜಾಸ್ತಿ, ಏಕೆಂದರೆ ತಳದಲ್ಲೇ ಕೆಸರು ಇರುವುದು. ಮೇಲಿನಿಂದ ಇಳಿಯುವ ಬಿಂದಿಗೆಯಲ್ಲಿ ತಿಳಿ ಜಾಸ್ತಿ. ನೀರಿನ ಲೆಕ್ಕ ಸಮ, ಕೆಸರಿನ ಲೆಕ್ಕದಲ್ಲಿ ಮೇಲಕ್ಕೆ ಹೋದದ್ದು ಹೆಚ್ಚು. ಕಣದ ತೂಕ ಅದನ್ನು ಕೆಳಕ್ಕೆ ಎಳೆಯುತ್ತಲೇ ಇರುತ್ತದೆ, ಬಿಂದಿಗೆ ಮೇಲಕ್ಕೆ ಎತ್ತುತ್ತಲೇ ಇರುತ್ತದೆ, ಎರಡೂ ಸರಿದೂಗಿದ ಕಡೆ ಹೂಳು ನೀರಿನಲ್ಲಿ ತೇಲಿಕೊಂಡೇ ಇರುತ್ತದೆ. ಹಂಟರ್ ರೌಸ್ ಎಂಬ ಅಮೆರಿಕದ ಎಂಜಿನಿಯರ್ 1937ರಲ್ಲಿ ಇದನ್ನು ಸೂತ್ರವಾಗಿ ಬರೆದ. ನಿಮ್ಮ ಕಾಲುವೆಯಲ್ಲಿ ಸುಳಿಗಳು ನೀರನ್ನು ಮೇಲೆ ಕೆಳಗೆ ಆಡಿಸುವ ವೇಗ ಸೆಕೆಂಡಿಗೆ ಸುಮಾರು ಮೂರು ಸೆಂಟಿಮೀಟರ್. ಮೆಕ್ಕಲಿಗೆ ಅದು ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ. ರಾಗಿ ಗಾತ್ರದ ಮರಳು ಸೆಕೆಂಡಿಗೆ 16 ಸೆಂಟಿಮೀಟರ್ ಇಳಿಯುವುದರಿಂದ ಅದನ್ನು ಎತ್ತಿ ಹಿಡಿಯಲು ಸಾಲದು, ಅದಕ್ಕೇ ಅದು ತಳ ಬಿಡದೆ ಕುಪ್ಪಳಿಸುತ್ತದೆ.

ತಳಮಳ ನಿಂತರೆ ಏನಾಗುತ್ತದೆ ಅನ್ನುವುದಕ್ಕೆ ನಿಮ್ಮ ಜಲಾಶಯಕ್ಕಿಂತ ಬೇರೆ ಉದಾಹರಣೆ ಬೇಡ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದಾಗ ಹಿಡಿಸುತ್ತಿದ್ದದ್ದು ಸುಮಾರು 133 ಟಿಎಂಸಿ ನೀರು. ಈಗಿನ ಲೆಕ್ಕ 105.788 ಟಿಎಂಸಿ. ಹೊಳೆ ಹೊತ್ತು ತಂದದ್ದು ನಿಂತ ನೀರಿಗೆ ಬಂದು ಕೂತಿತು, ಅಷ್ಟೇ. ದಪ್ಪ ಮರಳು ಹಿನ್ನೀರಿನ ಬಾಯಲ್ಲೇ ಬೀಳುತ್ತದೆ, ನುಣ್ಣನೆಯದು ಮಾತ್ರ ಮುಂದೆ ಬರುತ್ತದೆ. ಆದ್ದರಿಂದ ನಿಮ್ಮ ಉಪಕಾಲುವೆಯ ದಪ್ಪ ಮರಳು ಜಲಾಶಯದಿಂದ ಬಂದದ್ದಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. ಪಕ್ಕದ ಹಳ್ಳ ಕಾಲುವೆಗೆ ಬಂದು ಬೀಳುವ ಜಾಗ, ಏರಿ ಕುಸಿದ ಜಾಗ, ದನ ಇಳಿಯುವ ಜಾಗ, ಇವುಗಳನ್ನು ಮೊದಲು ನೋಡಿ. ಎರೆ ಮಣ್ಣಿನ ಏರಿಯಾದರೆ ಒಂದು ವಿಚಿತ್ರ ಇದೆ. ಎರೆಯ ಕಣ ಮರಳಿಗಿಂತ ಎಷ್ಟೋ ಸಣ್ಣದು, ಆದರೂ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ನೀರು ಅದನ್ನು ಬಿಡಿಸಲು ಮರಳಿಗಿಂತ ಜಾಸ್ತಿ ಬಲ ಬೇಕು. ಒಣಗಿ ಬಿರುಕು ಬಿಟ್ಟ ಎರೆ ಮಾತ್ರ ನೀರು ಬಿಟ್ಟ ಮೊದಲ ದಿನ ಹೆಂಟೆ ಹೆಂಟೆಯಾಗಿ ಕಳಚುತ್ತದೆ.

ಈಗ ಆಳಕ್ಕೆ ತೆಗೆಸುವ ಮಾತು. ಬೇಡ. ನಿಮ್ಮ ಕಾಲುವೆಯ ಮುಂದೆ ಒಂದು ಮೋರಿಯೋ, ನೀರನ್ನು ಮೆಟ್ಟಿಲಿನಂತೆ ಕೆಳಕ್ಕೆ ಇಳಿಸುವ ಇಳಿಕಟ್ಟೆಯೋ ಇರುತ್ತದೆ, ನೀರಿನ ಮೇಲ್ಮಟ್ಟವನ್ನು ಅದು ಹಿಡಿದಿಟ್ಟಿರುತ್ತದೆ. ಅದರ ಹಿಂದೆ ತಳವನ್ನು 20 ಸೆಂಟಿಮೀಟರ್ ಕೆಳಗಿಳಿಸಿದರೆ ಮೇಲ್ಮಟ್ಟ ಇಳಿಯುವುದಿಲ್ಲ, ಆಳ 40ರಿಂದ 60 ಆಗುತ್ತದೆ. ಬರುವ ನೀರು ಅಷ್ಟೇ, ಜಾಗ ಒಂದೂವರೆ ಪಟ್ಟು, ಹಾಗಾಗಿ ವೇಗ 30ರಿಂದ 20ಕ್ಕೆ ಇಳಿಯುತ್ತದೆ. ಬಲ ವೇಗದ ವರ್ಗದಂತೆ ಎಂದೆನಲ್ಲ, ತಳದ ಎಳೆತ 80 ಗ್ರಾಮಿನಿಂದ ಸುಮಾರು 35ಕ್ಕೆ ಬೀಳುತ್ತದೆ. ಆಗ ಎರಡು ಪಟ್ಟಿನ ಬೀಸು ಬಂದರೂ 70ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಮರಳಿಗೆ ಬೇಕಾದದ್ದು 90. ಈಗ ಬಿಟ್ಟುಬಿಟ್ಟಾದರೂ ಮುಂದೆ ಹೋಗುತ್ತಿರುವ ಮರಳು ಆಗ ಅಲ್ಲೇ ಕೂರುತ್ತದೆ, ಮೇಲಿನಿಂದ ಬಂದದ್ದೂ ಸೇರಿಕೊಳ್ಳುತ್ತದೆ. ನೀವು ಖರ್ಚು ಮಾಡಿ ತೋಡಿದ ಗುಂಡಿ ಹಳೆಯ ಮಟ್ಟಕ್ಕೆ ಬರುವವರೆಗೂ ತುಂಬುತ್ತದೆ.

ಇದನ್ನು ನಮ್ಮ ದೇಶದ ಕಾಲುವೆಗಳೇ ಪ್ರಪಂಚಕ್ಕೆ ಕಲಿಸಿದ್ದು. ಪಂಜಾಬಿನ ಅಪ್ಪರ್ ಬಾರಿ ದೋಆಬ್ ಕಾಲುವೆಯ ಎಂಜಿನಿಯರ್ ಆರ್. ಜಿ. ಕೆನಡಿ, ಹೂಳೂ ತುಂಬದ, ಕೊರೆಯಲೂ ಕೊರೆಯದ ಭಾಗಗಳನ್ನು ಹುಡುಕಿ ಅಳೆದು, ಯಾವ ಆಳಕ್ಕೆ ಯಾವ ವೇಗ ಇರಬೇಕು ಎಂದು 1895ರಲ್ಲಿ ಸೂತ್ರ ಬರೆದರು. ಹೂಳನ್ನು ಎತ್ತಿ ಹಿಡಿಯುವುದು ತಳದಿಂದ ಮೇಲೇಳುವ ಸುಳಿಗಳು ಎಂದು ಅವರು ಆಗಲೇ ಹೇಳಿದ್ದರು. ಗುಳ್ಳೆಗಳಲ್ಲಿ ಅದನ್ನು ಕಣ್ಣಾರೆ ಕಾಣಲು ಇನ್ನೂ 72 ವರ್ಷ ಬೇಕಾಯಿತು! ಆ ಸೂತ್ರ ಪಂಜಾಬಿನ ಮಣ್ಣಿನದು, ಎಲ್ಲ ಕಡೆ ಹಾಗೇ ಅನ್ವಯಿಸುವುದಿಲ್ಲ. ಆದರೂ 40 ಸೆಂಟಿಮೀಟರ್ ಆಳಕ್ಕೆ ಅದು ಕೊಡುವ ವೇಗ ಸೆಕೆಂಡಿಗೆ 31 ಸೆಂಟಿಮೀಟರ್. ನಿಮ್ಮ ಕಾಲುವೆ ತುಂಬಿ ಹರಿಯುವಾಗ ಅದರ ಅಂಚಿನಲ್ಲೇ ಇದೆ.

ತುಂಬಿ ಹರಿಯುವಾಗ ಎಂದೆ, ಗಮನಿಸಿ. ತೂಬು ಅರ್ಧ ಮುಚ್ಚಿ ಅರ್ಧ ನೀರು ಬಿಟ್ಟರೆ ಆಳ 26 ಸೆಂಟಿಮೀಟರಿಗೆ, ಎಳೆತ 50 ಗ್ರಾಮಿನ ಆಸುಪಾಸಿಗೆ ಇಳಿಯುತ್ತದೆ. ಮರಳನ್ನು ಕದಲಿಸುವ ಬೀಸುಗಳು ಆಗ ತೀರಾ ಅಪರೂಪ. ಹದಿನೈದು ದಿನ ಅರ್ಧ ನೀರು ಹರಿಸುವ ಬದಲು ಏಳೆಂಟು ದಿನ ಪೂರ್ತಿ ಹರಿಸಿ ಉಳಿದ ದಿನ ಬಂದ್ ಮಾಡಿದರೆ ಹೊಲಕ್ಕೆ ಬರುವ ನೀರು ಅಷ್ಟೇ, ಮುಂದೆ ಸಾಗುವ ಮರಳು ಎಷ್ಟೋ ಪಟ್ಟು ಹೆಚ್ಚು. ಉತ್ತರ ಭಾರತದ ವಾರಾಬಂದಿ ಪದ್ಧತಿಯಲ್ಲಿ ಉಪಕಾಲುವೆಗಳನ್ನು ಸರದಿಯ ಮೇಲೆ ತುಂಬಿ ಹರಿಸುವುದರ ಹಿಂದೆ ಈ ಲಾಭವೂ ಇದೆ. ನೀರು ಬಳಕೆದಾರರ ಸಂಘದ ಸಭೆಯಲ್ಲಿ ಹೂಳಿನ ಮಾತು ಬಂದಾಗ ಇದನ್ನು ಎತ್ತಿ.

ಹೂಳು ತೆಗೆಸುವುದಂತೂ ಬೇಕು, ಆದರೆ ಮೂಲ ತಳದ ಮಟ್ಟದವರೆಗೆ ಮಾತ್ರ. ಜೆಸಿಬಿ ಬರುವ ಮುಂಚೆ ಸಬ್ ಡಿವಿಷನ್ ಕಚೇರಿಯಲ್ಲಿ ಕಾಲುವೆಯ ಉದ್ದ ಸೀಳು ನಕ್ಷೆ, ಅಂದರೆ ಉದ್ದಕ್ಕೂ ತಳದ ಮಟ್ಟ ತೋರಿಸುವ ನಕ್ಷೆ, ಕೇಳಿ, ಎರಡು ಮೋರಿಗಳ ನಡುವೆ ಪ್ರತಿ 30 ಮೀಟರಿಗೆ ಒಂದು ಗೂಟ ಹೊಡೆಸಿ, ಮಟ್ಟ ಗುರುತು ಹಾಕಿಸಿ. ಹಳ್ಳ ಬಂದು ಬೀಳುವ ಜಾಗದಲ್ಲಿ ಒಂದು ಸಣ್ಣ ಕಲ್ಲಿನ ಮರಳುಗುಂಡಿ ಕಟ್ಟಿಸಿದರೆ ಮರಳು ಅಲ್ಲೇ ನಿಲ್ಲುತ್ತದೆ, ವರ್ಷಕ್ಕೊಮ್ಮೆ ಅದೊಂದನ್ನೇ ಖಾಲಿ ಮಾಡಿದರೆ ಸಾಕು. ಮಗಳಿಗೆ ಬಿಡುವಿದ್ದರೆ ರಾಗಿ ಗಾತ್ರದ ಒಂದು ಹಿಡಿ ಮರಳಿಗೆ ಬಣ್ಣ ಹಚ್ಚಿ ಒಣಗಿಸಿ, ತುಂಬು ನೀರಿರುವ ದಿನ ತಳದಲ್ಲಿ ಮೆಲ್ಲಗೆ ಇಡಲಿ, ಒಂದು ಗಂಟೆಯಲ್ಲಿ ಎಷ್ಟು ಕಣ ಗೇಣು ದಾಟಿದವು ಎಂದು ಎಣಿಸಲಿ. ಅರ್ಧ ನೀರಿರುವ ದಿನವೂ ಹಾಗೇ ಮಾಡಲಿ. ಎರಡೂ ಎಣಿಕೆ ನನಗೆ ಕಳಿಸಿ, ಜೊತೆಗೆ ಕೂತು ಲೆಕ್ಕ ಮಾಡೋಣ.